ಬಿಎಂಐ 37, ಶುಗರ್ ಹತೋಟಿಗೆ ಬರುತ್ತಿಲ್ಲ: ಬೊಜ್ಜಿಗೆ ಆಪರೇಷನ್ನೋ, ವಾರದ ಇಂಜೆಕ್ಷನ್ನೋ?

ವಯಸ್ಸು 44, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 37, ಐದು ವರ್ಷದಿಂದ ಶುಗರ್, ಮೂರು ಥರದ ಮಾತ್ರೆ ನುಂಗಿದರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 9ರಿಂದ ಇಳಿದಿಲ್ಲ ಅಂದಿದ್ದೀರಿ. ನನ್ನ ಒಲವು ಆಪರೇಷನ್ ಕಡೆಗೆ. ತೂಕಕ್ಕಿಂತ ಶುಗರ್ ನೋಡಿ ಈ ಮಾತು ಹೇಳುತ್ತಿದ್ದೇನೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಹೆಚ್ಚುಕಡಿಮೆ ನಿಮ್ಮಂಥದ್ದೇ ಸ್ಥಿತಿಯ 150 ಮಂದಿಯನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ಬಿಗಿಯಾದ ಔಷಧೋಪಚಾರ ಕೊಟ್ಟು, ಎರಡು ಗುಂಪಿಗೆ ಆಪರೇಷನ್ನೂ ಮಾಡಿದರು. 2017ರಲ್ಲಿ 5 ವರ್ಷದ ಫಲಿತಾಂಶ ಬಂತು. ಎಚ್‌ಬಿಎ1ಸಿ 6ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರು: ಬರೀ ಔಷಧಿಯಲ್ಲಿ ಶೇ 5, ಸ್ಲೀವ್‌ನಲ್ಲಿ (ಜಠರ ಕತ್ತರಿಸಿ ಸಣ್ಣದು ಮಾಡುವ ಆಪರೇಷನ್) 23, ಬೈಪಾಸ್‌ನಲ್ಲಿ (ಹೃದಯದ್ದಲ್ಲ, ಜಠರವನ್ನು ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುವುದು) 29. ಈಗಿನ ಇಂಜೆಕ್ಷನ್‌ಗಳು ಆಗ ಇರಲಿಲ್ಲ, ನಿಜ. ವಾರಕ್ಕೊಮ್ಮೆ ಚುಚ್ಚುವ ಟಿರ್ಜೆಪಟೈಡ್ ಶುಗರ್ ಇರುವವರಲ್ಲೂ 72 ವಾರಕ್ಕೆ ಸುಮಾರು ಶೇ 15 ತೂಕ ಇಳಿಸುತ್ತದೆ, ಎಚ್‌ಬಿಎ1ಸಿಯನ್ನೂ 2 ಅಂಕದಷ್ಟು ತಗ್ಗಿಸುತ್ತದೆ. ಆದರೆ ನಿಲ್ಲಿಸಿದರೆ ತೂಕ ವಾಪಸ್. ಅಂಥದ್ದೇ ಇನ್ನೊಂದು ಇಂಜೆಕ್ಷನ್ ಸೆಮಾಗ್ಲುಟೈಡ್ ಬಿಟ್ಟವರಿಗೆ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿ ಬಂತು. ತಿಂಗಳ ಬಿಲ್ಲನ್ನು ಹತ್ತು ವರ್ಷಕ್ಕೆ ಗುಣಿಸಿ ನೋಡಿ. ಆಪರೇಷನ್ ಎಂದರೆ ಭಯವೇ ಹೆಚ್ಚು ಅನ್ನಿಸಿದರೆ ಆರು ತಿಂಗಳು ಇಂಜೆಕ್ಷನ್ ನೋಡುವುದೂ ತಪ್ಪಲ್ಲ.

ಎದೆಯುರಿ, ಹುಳಿತೇಗು ಜಾಸ್ತಿ ಇದ್ದರೆ ಸ್ಲೀವ್ ಬೇಡ, ಅದು ಹೆಚ್ಚಾಗಬಹುದು, ಬೈಪಾಸ್ ಕೇಳಿ. ಬೈಪಾಸ್ ಆದಮೇಲೆ ಬ್ರೂಫೆನ್ ಜಾತಿಯ ನೋವಿನ ಮಾತ್ರೆ ಮುಟ್ಟಬಾರದು, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ, ಉಳಿಯುವುದು ಬಾಳೆಹಣ್ಣಿನಷ್ಟು ಸಣ್ಣ ಕೊಳವೆ. ಮುದ್ದೆಯನ್ನು ಅಗಿಯದೆ ನುಂಗಿದರೆ ತುತ್ತು ಅಲ್ಲೇ ಕೂತು, ಎದೆ ಹಿಡಿದಂತಾಗಿ ವಾಂತಿಯಾಗುತ್ತದೆ. ದರ್ಶಿನಿಯಲ್ಲಿ ನಿಂತೇ ಎರಡು ನಿಮಿಷಕ್ಕೆ ಇಡ್ಲಿ ಮುಗಿಸುವ ನಮ್ಮ ಬೆಂಗಳೂರಿನ ಅಭ್ಯಾಸಕ್ಕೂ ಇದೇ ಗತಿ. ಶುರುವಿನಲ್ಲಿ ಬೇಳೆಕಟ್ಟು, ಮಜ್ಜಿಗೆ, ತಿಳಿಗಂಜಿ. ಆಮೇಲೆ ರುಬ್ಬಿದ್ದು, ಮೆತ್ತನೆಯದು. ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ನೀರು. ದಿನಕ್ಕೆ 60-80 ಗ್ರಾಂ ಪ್ರೋಟೀನ್ ಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಅನ್ನ-ಸಾರಿನಲ್ಲಿ ಅಷ್ಟು ಹುಟ್ಟುವುದಿಲ್ಲ; ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರ್‌ಗೆ ಸುಮಾರು 18.

ಆಪರೇಷನ್ ಆದಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಗ್ಲುಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ವಿಟಮಿನ್) ಕೊಡಲು ಹೇಳಿ. ಅದಿಲ್ಲದೆ ಗ್ಲುಕೋಸ್ ಹೋದರೆ ಮೆದುಳಿಗೇ ಪೆಟ್ಟು.

ಆಪರೇಷನ್‌ಗೆ ವಿಮೆ ಸಿಗಬೇಕಾದರೆ ಐಆರ್‌ಡಿಎಐ (ವಿಮೆ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆ ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ; ಬೇರೆ ಚಿಕಿತ್ಸೆ ಫಲಿಸಿರಬಾರದು. ಆದ್ದರಿಂದ ಡಯೆಟಿಷಿಯನ್ ಚೀಟಿ, ಹಳೇ ರಿಪೋರ್ಟು ಎಸೆಯಬೇಡಿ. ಇಂಜೆಕ್ಷನ್ ಶುರು ಮಾಡುವುದಾದರೂ ಮೊದಲು ಡಾಕ್ಟರ ಹತ್ತಿರ ಎತ್ತರ, ತೂಕ ಅಳೆಸಿ ದಿನಾಂಕದೊಂದಿಗೆ ಬರೆಸಿಟ್ಟುಕೊಳ್ಳಿ; ತೂಕ ಇಳಿದ ಮೇಲೆ ಮೊದಲಿನ ಬಿಎಂಐಗೆ ದಾಖಲೆ ಬೇಕಾಗಬಹುದು.