ಹೆಣಿಗೆ ಪ್ರಶ್ನೋತ್ತರ: ತಲೆ ಅಳೆದು ಟೋಪಿ

ಪ್ರಶ್ನೆ: ಡಿಸೆಂಬರ್ ಚಳಿಗೆಂದು ಇಂಟರ್ನೆಟ್‌ನಲ್ಲಿ ಸಿಕ್ಕ ಮಾದರಿ ನೋಡಿ ಬೀನಿ ಟೋಪಿ ಹೆಣೆದೆ. ಅದರಲ್ಲಿದ್ದಂತೆ 8 ನಂಬರ್ ಕಡ್ಡಿ, 88 ಹೊಲಿಗೆ. ಟೋಪಿ ದೊಡ್ಡವರ ತಲೆಗೆ ಏರುತ್ತಲೇ ಇಲ್ಲ. ತಪ್ಪಿದ್ದು ಎಲ್ಲಿ?
– ಓದುಗರು, ತಾಳವಾಡಿ

ಉತ್ತರ: ಕಡ್ಡಿಯ ನಂಬರಿನಲ್ಲಿ. ಅಮೆರಿಕದ ಮಾದರಿಯಲ್ಲಿ 8 ಎಂದರೆ 5 ಮಿ.ಮೀ. ದಪ್ಪದ ಕಡ್ಡಿ. ನಮ್ಮ ಅಂಗಡಿಗಳಲ್ಲಿ ಸಿಗುವುದು ಹಳೆಯ ಬ್ರಿಟಿಷ್ ನಂಬರಿನ ಕಡ್ಡಿ. ಅದರಲ್ಲಿ 8 ಎಂದರೆ 4 ಮಿ.ಮೀ. ಕಡ್ಡಿ. ದಪ್ಪ ಉಲ್ಲನ್‌ನಲ್ಲಿ 5 ಮಿ.ಮೀ. ಕಡ್ಡಿಗೆ 10 ಸೆಂ.ಮೀ.ಗೆ ಸುಮಾರು 18 ಹೊಲಿಗೆ ಬರುತ್ತದೆ, ಅಂದರೆ 88 ಹೊಲಿಗೆಗೆ 49 ಸೆಂ.ಮೀ. ಸುತ್ತಳತೆ. ಮಧ್ಯಮ ದಪ್ಪದ ಡಿ.ಕೆ. ಉಲ್ಲನ್‌ನಲ್ಲಿ 4 ಮಿ.ಮೀ. ಕಡ್ಡಿಗೆ 22 ಹೊಲಿಗೆ ಬೀಳುತ್ತದೆ. ಅದೇ 88 ಹೊಲಿಗೆ ಆಗ ಬರೀ 40 ಸೆಂ.ಮೀ. ಮುಂದೆ ಯಾವ ಮಾದರಿ ನೋಡಿದರೂ ನಂಬರ್ ಬಿಟ್ಟು ಮಿ.ಮೀ. ನೋಡಿ.

ಅದಕ್ಕಿಂತ ಒಳ್ಳೆಯದು, ಮಾದರಿಯ ಹಂಗೇ ಬೇಡ. ಬೀನಿಯಷ್ಟು ಸುಲಭವಾಗಿ ಸ್ವಂತ ಲೆಕ್ಕಕ್ಕೆ ಒಗ್ಗುವ ಹೆಣಿಗೆ ಇನ್ನೊಂದಿಲ್ಲ. ಮೊದಲು ಪರೀಕ್ಷೆಯ ತುಂಡು: 30 ಹೊಲಿಗೆ ಹಾಕಿ 12 ಸೆಂ.ಮೀ. ಎತ್ತರ ಹೆಣೆಯಿರಿ. ತೊಳೆದು, ಎಳೆಯದೆ ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಹೊಲಿಗೆ ಎಷ್ಟು, ಸಾಲು ಎಷ್ಟು ಎಂದು ಎಣಿಸಿ. ತೊಳೆಯದೆ ಎಣಿಸಿದ ಲೆಕ್ಕ ನಂಬಬೇಡಿ; ಉಲ್ಲನ್ ನೀರು ಕಂಡ ಮೇಲೆ ಸಡಿಲವಾಗುತ್ತದೆ.

ಆಮೇಲೆ ಹುಬ್ಬಿನ ಮೇಲಿಂದ, ಕಿವಿಯ ಮೇಲೆ ಹಾಯಿಸಿ ತಲೆ ಅಳೆಯಿರಿ. 56 ಸೆಂ.ಮೀ. ಬಂತೆನ್ನಿ. ಟೋಪಿ ತಲೆಗಿಂತ ಹತ್ತನೇ ಒಂದು ಪಾಲು ಚಿಕ್ಕದಿದ್ದರೇ ಹಿಡಿದು ಕೂರುತ್ತದೆ. ಆದ್ದರಿಂದ 50 ಸೆಂ.ಮೀ. ಸಾಕು. ತುಂಡಿನ 10 ಸೆಂ.ಮೀ.ಯಲ್ಲಿ 22 ಬಂದಿದ್ದರೆ, ಸೆಂ.ಮೀ.ಗೆ 2.2 ಹೊಲಿಗೆಯಂತೆ 110. ಅಂಚಿನ ಹಿಗ್ಗುವ ಪಟ್ಟಿಗೆ, ಅಂದರೆ ಎರಡು ಸೀದಾ, ಎರಡು ಉಲ್ಟಾ ರಿಬ್‌ಗೆ ನಾಲ್ಕರಿಂದ ಭಾಗವಾಗಬೇಕು, ನೆತ್ತಿಗೆ ಎಂಟರಿಂದ. ಹಾಗಾಗಿ 112. ತುಂಡಿನಲ್ಲಿ 22ರ ಬದಲು 20 ಬಂದಿದ್ದರೆ ಅದೇ 112 ಹೊಲಿಗೆ 56 ಸೆಂ.ಮೀ. ಆಗಿ, ಟೋಪಿ ಕಣ್ಣ ಮೇಲೆ ಜಾರುತ್ತಿತ್ತು. ಎರಡೇ ಹೊಲಿಗೆಯ ವ್ಯತ್ಯಾಸ!

ಡಿ.ಕೆ. ಉಲ್ಲನ್ 100 ಗ್ರಾಂ ತೆಗೆದುಕೊಳ್ಳಿ, ಎರಡು ಉಂಡೆಯಾದರೆ ಒಂದೇ ಸಲ ಬಣ್ಣ ಹಾಕಿದ, ಅಂದರೆ ಒಂದೇ ಡೈ ಲಾಟ್‌ನದು. 10 ನಂಬರ್, ಅಂದರೆ 3.25 ಮಿ.ಮೀ. ಕಡ್ಡಿಯಲ್ಲಿ ರಿಬ್ ಹೆಣೆಯಿರಿ. ಮಡಚಿ ಕಿವಿ ಬೆಚ್ಚಗಿಡಬೇಕಾದರೆ ರಿಬ್ 12 ಸೆಂ.ಮೀ. ಬೇಕು. ಮೊದಲ ಸಾಲಿನ ಹೊಲಿಗೆ ಹಾಕುವಾಗ ಎರಡು ಕಡ್ಡಿ ಜೋಡಿಸಿ ಹಾಕಿ, ಬಾಲದ ನೂಲು ಒಂದೂಮುಕ್ಕಾಲು ಮೀಟರ್ ಬಿಡಿ. ಅಂಚು ಬಿಗಿಯಾದರೆ ಒಳಗಿನ ಲೆಕ್ಕ ಎಷ್ಟು ಸರಿಯಿದ್ದರೂ ಹಣೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ನಂತರ 8 ನಂಬರ್, ಅಂದರೆ 4 ಮಿ.ಮೀ. ಕಡ್ಡಿಗೆ ಬದಲಾಯಿಸಿ ಸೀದಾ ಹೆಣೆಯುತ್ತಾ ಹೋಗಿ.

ನಡುವೆ ಬಳುಕುವ ತಂತಿಯಿದ್ದು ಸುತ್ತಾಗಿ ಹೆಣೆಯುವ 40 ಸೆಂ.ಮೀ. ಸರ್ಕ್ಯುಲರ್ ಕಡ್ಡಿಯಾದರೆ ಸುತ್ತು ಜೋಡಿಸುವ ಮುನ್ನ ಅಂಚು ಎಲ್ಲೂ ತಿರುಚಿಲ್ಲವೆಂದು ನೋಡಿಕೊಳ್ಳಿ. ತಿರುಚಿದ್ದು ನಾಲ್ಕು ಸುತ್ತಾದ ಮೇಲೆ ಗೊತ್ತಾದರೆ ಬಿಚ್ಚುವುದೊಂದೇ ದಾರಿ. ನೇರ ಕಡ್ಡಿಯಲ್ಲಿ ಹೆಣೆಯುವವರು ಟೋಪಿಯ ಹಿಂಬದಿ ಹೊಲಿದು ಜೋಡಿಸಲು 2 ಹೆಚ್ಚು, ಅಂದರೆ 114 ಹಾಕಿ.

ಪ್ರಶ್ನೆ: ನಾನು ಹೆಣೆದ ಟೋಪಿಗಳೆಲ್ಲ ನೆತ್ತಿಯಲ್ಲಿ ಗೋಪುರದಂತೆ ಚೂಪಾಗಿ ನಿಲ್ಲುತ್ತವೆ. ದುಂಡಗೆ ಬರುವುದು ಹೇಗೆ?
– ಓದುಗರು, ತಳಿ, ಕೃಷ್ಣಗಿರಿ ಜಿಲ್ಲೆ

ಉತ್ತರ: ನೀವು ಕೊನೆಯವರೆಗೂ ಒಂದು ಸುತ್ತು ಬಿಟ್ಟು ಒಂದು ಸುತ್ತು ಇಳಿಸುತ್ತಿದ್ದೀರಿ, ಅಂದರೆ ಹೊಲಿಗೆ ಕಡಿಮೆ ಮಾಡುತ್ತಿದ್ದೀರಿ. ನೆತ್ತಿ ಹತ್ತಿರವಾದಂತೆ ಇಳಿಕೆ ಬಿರುಸಾಗಬೇಕು. ಮೇಲಿನ 112ನ್ನೇ ತೆಗೆದುಕೊಳ್ಳಿ: ಎಂಟು ಪಾಲು, ಪಾಲಿಗೆ 14. ಮೊದಲ ಸುತ್ತಿನಲ್ಲಿ 12 ಸೀದಾ, ಎರಡು ಸೇರಿಸಿ ಒಂದು. ಹೀಗೆ ಎಂಟು ಸಲ, 104 ಉಳಿಯುತ್ತದೆ. ಮುಂದಿನ ಸುತ್ತು ಬರೀ ಸೀದಾ. ಆಮೇಲೆ 11 ಸೀದಾ, ಎರಡು ಸೇರಿಸಿ ಒಂದು. ಹೀಗೆ 56 ಉಳಿಯುವವರೆಗೆ ಮಾತ್ರ ಒಂದು ಬಿಟ್ಟು ಒಂದು. ಅಲ್ಲಿಂದ ಪ್ರತಿ ಸುತ್ತಿನಲ್ಲೂ ಇಳಿಸಿ, 8 ಉಳಿದಾಗ ನೂಲು ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ ಎಂಟರೊಳಗೂ ಎರಡು ಬಾರಿ ಹಾಯಿಸಿ ಬಿಗಿಯಿರಿ. ಒಂದೇ ಬಾರಿ ಹಾಯಿಸಿದ್ದು ಕ್ರಮೇಣ ತೂತಾಗುತ್ತದೆ.

ಒಟ್ಟು 20 ಸುತ್ತು. 10 ಸೆಂ.ಮೀ.ಗೆ 30 ಸುತ್ತಿನಂತೆ ಹೆಚ್ಚು ಕಡಿಮೆ 6.5 ಸೆಂ.ಮೀ. ಟೋಪಿಯ ಎತ್ತರ ಮಡಚಿದ ಮೇಲೆ 21 ಬೇಕಿದ್ದರೆ, ಮಡಿಕೆಯಿಂದ 14.5 ಸೆಂ.ಮೀ. ಆದಾಗ ಇಳಿಕೆ ಶುರುಮಾಡಿ. ಹೊಲಿಗೆ ಕಡಿಮೆಯಾಗಿ ಸರ್ಕ್ಯುಲರ್ ಕಡ್ಡಿ ಎಳೆಯತೊಡಗಿದಾಗ ಎರಡೂ ತುದಿ ಚೂಪಿರುವ ಐದು ಕಡ್ಡಿಯ ಸೆಟ್ಟಿಗೆ ವರ್ಗಾಯಿಸಿ.

ಪ್ರಶ್ನೆ: ಕಸೂತಿಯ ತೇರು, ಗೋಪುರಗಳನ್ನು ಟೋಪಿಯ ಮೇಲೆ ಎರಡು ಬಣ್ಣದಲ್ಲಿ ತರಬಹುದೇ?
– ಓದುಗರು, ಅಕ್ಕಲಕೋಟೆ

ಉತ್ತರ: ಖಂಡಿತ. ಕಸೂತಿಯೂ ಎಳೆ ಎಣಿಸಿ ಹಾಕುವುದೇ ತಾನೆ? ಆದರೆ ಕಸೂತಿಯ ಒಂಟಿ ಗೆರೆ ಹೆಣಿಗೆಯಲ್ಲಿ ಉಳಿಯುವುದಿಲ್ಲ, ಓರೆ ಗೆರೆ ಮೆಟ್ಟಿಲಾಗುತ್ತದೆ. ಒಳಗೆ ತುಂಬಿದ ಆಕಾರ ಆರಿಸಿ. ಆಕಾರದ ಅಗಲ ಟೋಪಿಯ ಸುತ್ತಿನ 112 ಹೊಲಿಗೆಯನ್ನು ಸರಿಯಾಗಿ ಭಾಗಿಸಬೇಕು: 8, 14, 16, 28 ಸರಿ, 10, 12 ಸೇರಿಸುವ ಜಾಗದಲ್ಲಿ ಮುರಿಯುತ್ತದೆ. ತೇರು 27 ಮನೆ (ಒಂದು ಮನೆಗೆ ಒಂದು ಹೊಲಿಗೆ) ಅಗಲವಿದ್ದರೆ ಪಕ್ಕದಲ್ಲಿ ಒಂದು ಖಾಲಿ ಬಿಟ್ಟು 28 ಮಾಡಿ, ನಾಲ್ಕು ತೇರು ಸುತ್ತಲೂ ಬರುತ್ತವೆ.

ಚೌಕದ ಗ್ರಾಫ್ ಹಾಳೆಯಲ್ಲಿ ಬರೆದದ್ದು ಕುಳ್ಳಗೆ ಕಾಣುತ್ತದೆ, ಏಕೆಂದರೆ ಹೊಲಿಗೆಯ ಅಗಲ ಅದರ ಎತ್ತರಕ್ಕಿಂತ ಹೆಚ್ಚು. 22 ಮನೆ ಅಗಲಕ್ಕೆ 30 ಮನೆ ಎತ್ತರ ಬರೆದರೆ ಹೆಣೆದಾಗ ಚೌಕ. ಬಳಸದ ಬಣ್ಣ ಒಳಮೈಯಲ್ಲಿ ಹಾಯುವಾಗ 5 ಹೊಲಿಗೆಗಿಂತ ಉದ್ದವಾದರೆ ನಡುವೆ ಒಮ್ಮೆ ಇನ್ನೊಂದು ನೂಲಿಗೆ ಸುತ್ತಿ. ಅದನ್ನು ಬಿಗಿದು ಎಳೆದರೆ ಟೋಪಿ ಸುಕ್ಕುಗಟ್ಟುತ್ತದೆ. ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಹೊಲಿಗೆಗಳನ್ನು ಸ್ವಲ್ಪ ಹರಡಿಕೊಳ್ಳಿ.

ಪ್ರಶ್ನೆ: ಕಂಬಳಿ ನೇಯುವವರ ಬಳಿ ಸಿಗುವ ಕರಿ ಉಣ್ಣೆಯ ನೂಲಿನಿಂದ ಟೋಪಿ ಹೆಣೆಯಬಹುದೇ?
– ಓದುಗರು, ಮಡಕಶಿರ

ಉತ್ತರ: ಹೆಣೆಯಬಹುದು, ಆದರೆ ಹಣೆಗೆ ಚುಚ್ಚುತ್ತದೆ. ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಬೇಕಾದ ಗಟ್ಟಿತನವೇ ಮೈಗೆ ತಾಗುವ ಟೋಪಿಗೆ ತೊಂದರೆ. ರಿಬ್‌ನ ಒಳಗೆ 7 ಸೆಂ.ಮೀ. ಅಗಲದ ಹಿಗ್ಗುವ ಹೊಸೈರಿ ಬಟ್ಟೆಯ ಪಟ್ಟಿ ಹೊಲಿದರೆ ಹಾಕಿಕೊಳ್ಳಬಹುದು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ, ಗಂಜಿ ಕಾಣದ ನೂಲನ್ನೇ ಕೇಳಿ. ಒಂಟಿ ಎಳೆಯ ನೂಲಿನಲ್ಲಿ ಹೆಣೆದರೆ ಟೋಪಿ ಒಂದು ಪಕ್ಕಕ್ಕೆ ತಿರುಚುತ್ತದೆ. ಎರಡು ಎಳೆಯನ್ನು ಅವುಗಳ ಹುರಿಗೆ ಎದುರು ದಿಕ್ಕಿನಲ್ಲಿ ಹೊಸೆದುಕೊಂಡರೆ ಆ ದೋಷವಿಲ್ಲ.

ಪ್ರಶ್ನೆ: ಊಟಿಗೆ ಹೋಗುವಾಗ ಹಾಕುವ ಉಣ್ಣೆ ಟೋಪಿಗೆ ಇಲ್ಲಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.
– ಓದುಗರು, ಬದಿಯಡ್ಕ

ಉತ್ತರ: ಬೆವರು, ಎಣ್ಣೆ ಉಳಿದ ಟೋಪಿಗೇ ಬೂಸ್ಟೂ ಹುಳವೂ ಬೇಗ ಬರುತ್ತವೆ. ಮೇ ತಿಂಗಳೊಳಗೆ ಉಗುರುಬೆಚ್ಚಗಿನ ನೀರು, ಮೃದು ಸೋಪಿನಲ್ಲಿ 20 ನಿಮಿಷ ನೆನೆಸಿ. ಉಜ್ಜಬೇಡಿ, ಬಿಸಿ ನೀರು ಬೇಡ. ಉಣ್ಣೆ ಗಟ್ಟಿಕಟ್ಟಿ ಕುಗ್ಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ. ನೆತ್ತಿಯ ಗಂಟು ಕೊನೆಗೆ ಒಣಗುವುದು, ಅದನ್ನು ಮುಟ್ಟಿ ನೋಡಿಯೇ ಗಾಳಿಯಾಡದ ಡಬ್ಬಿಗೆ ಹಾಕಿ.