ಲಾಂಗ್ ಕ್ಯೂಟಿ ಇರುವ ಓಟಗಾರ್ತಿ: ಯಾವ ಗುಳಿಗೆಗಳ ಬಗ್ಗೆ ಎಚ್ಚರ ಬೇಕು?

ಪ್ರಶ್ನೆ: ನನ್ನ 19 ವರ್ಷದ ಮಗಳು 800 ಮೀಟರ್ ಓಟಗಾರ್ತಿ. ಕಳೆದ ವರ್ಷ ಅಭ್ಯಾಸದ ನಡುವೆ ಪ್ರಜ್ಞೆ ತಪ್ಪಿ ಬಿದ್ದಾಗ, ಹೃದಯದ ಲಯ ತಪ್ಪಿಸುವ ಲಾಂಗ್ ಕ್ಯೂಟಿ ಎಂಬ ಹುಟ್ಟು ತೊಂದರೆಯ ಮೊದಲನೆಯ ವಿಧವೆಂದು ತಿಳಿಯಿತು. ದಿನವೂ ಹೃದಯ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಗುಳಿಗೆ ಸೇವಿಸುತ್ತ, ಹೃದ್ರೋಗ ತಜ್ಞರ ನಿಗಾದಲ್ಲಿ ಮತ್ತೆ ಓಡುತ್ತಿದ್ದಾಳೆ. ಈಚೆಗೆ ವಾಂತಿಭೇದಿಯಾದಾಗ ಔಷಧದ ಅಂಗಡಿಯಿಂದ ಗ್ಯಾಸಿನ ಗುಳಿಗೆ, ವಾಂತಿಯ ಗುಳಿಗೆ ತಂದುಕೊಟ್ಟೆವು. ತಜ್ಞರು ಕೇಳಿ ಗಾಬರಿಯಾದರು. ಅವುಗಳಲ್ಲಿ ಅಂಥದ್ದೇನಿದೆ? ಪ್ರೊಪ್ರನೊಲಾಲ್ ಡೋಪಿಂಗ್ ಎನಿಸಿಕೊಳ್ಳುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಜ್ಞರ ಗಾಬರಿ ಸಕಾರಣವಾದದ್ದು. ಪ್ರತಿ ಬಡಿತದ ನಂತರ ಹೃದಯದ ಸ್ನಾಯುಕೋಶಗಳು ಪೊಟ್ಯಾಸಿಯಂ ಹೊರಹಾಕಿ ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಅದು ಹೊರಹೋಗಲು ಮುಖ್ಯವಾಗಿ ಎರಡು ದಾರಿಗಳಿದ್ದು, ನಿಮ್ಮ ಮಗಳಲ್ಲಿ ಒಂದು ಹುಟ್ಟಿನಿಂದಲೇ ದುರ್ಬಲವಾಗಿದೆ. ವಾಂತಿ ತಡೆಯಲು ಕೊಡುವ ಡೊಂಪೆರಿಡೋನ್, ಒಂಡಾನ್‌ಸೆಟ್ರಾನ್‌ಗಳಂಥ ಔಷಧಗಳು ತಡೆಯುವುದು ಉಳಿದ ಇನ್ನೊಂದನ್ನು. ಆಗ ಇಸಿಜಿಯಲ್ಲಿ ಕ್ಯೂಟಿ ಅವಧಿ, ಅಂದರೆ ಹೃದಯ ಬಡಿದು ಮತ್ತೆ ಅಣಿಯಾಗಲು ಹಿಡಿಯುವ ಸಮಯ, ಇನ್ನಷ್ಟು ಹಿಗ್ಗಿ, ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳು ಹಿಡಿತ ತಪ್ಪಿ ಅತಿವೇಗದಲ್ಲಿ ಬಡಿಯತೊಡಗಿ, ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ವಾಂತಿಭೇದಿಯಿಂದ ದೇಹದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿರುವಾಗ ಅಪಾಯ ಇನ್ನೂ ಹೆಚ್ಚು. ಅಂದರೆ ಅವಳ ಹೃದಯ ಅತಿ ದುರ್ಬಲವಾಗಿದ್ದ ದಿನವೇ ಈ ಗುಳಿಗೆಗಳು ಸೇರಿದವು.

ನಮ್ಮಲ್ಲಿ ಗ್ಯಾಸಿಗೆಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಡೊಂಪೆರಿಡೋನ್ ಬೆರೆತ ಗುಳಿಗೆಯೇ. ಹೆಸರಿನ ಕೊನೆಯಲ್ಲಿ ‘ಡಿ’ ಅಥವಾ ‘ಡಿಎಸ್‌ಆರ್’ ಇದ್ದರೆ ಅದನ್ನು ಬೇಡವೆನ್ನಿ. ಗಂಟಲುನೋವಿಗೆ ಕೊಡುವ ಅಜಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಮೂತ್ರದ ಸೋಂಕಿಗೆ ಕೊಡುವ ಲಿವೊಫ್ಲಾಕ್ಸಸಿನ್, ಶಿಲೀಂಧ್ರದ ಸೋಂಕಿನ ಫ್ಲೂಕೊನಜೋಲ್, ತುರಿಕೆಯ ಹೈಡ್ರಾಕ್ಸಿಜಿನ್, ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್ ಇವೂ ಅದೇ ಗುಂಪಿನವು. ಫಿನೈಲೆಫ್ರಿನ್ ಬೆರೆತ ನೆಗಡಿ ಗುಳಿಗೆಗಳು ಬೇರೆ ರೀತಿಯಲ್ಲಿ, ಅಡ್ರಿನಾಲಿನ್ ಮಾಡುವಂತೆಯೇ, ಹೃದಯವನ್ನು ಕೆರಳಿಸುತ್ತವೆ. ಜ್ವರಕ್ಕೆ ಬರಿಯ ಪ್ಯಾರಸಿಟಮಾಲ್ ಸಾಕು. ಭೇದಿಯಾದರೆ ಓಆರ್‌ಎಸ್ ಕುಡಿಸುತ್ತ ವೈದ್ಯರಿಗೆ ತಿಳಿಸಿ, ಪೂರ್ತಿ ಚೇತರಿಸಿಕೊಳ್ಳುವವರೆಗೆ ಓಟ ನಿಲ್ಲಿಸಿ. ಗುಳಿಗೆ ನುಂಗಿದೊಡನೆ ವಾಂತಿಯಾದರೆ ಆ ದಿನದ ಪ್ರೊಪ್ರನೊಲಾಲ್ ಮೈಗೆ ಹತ್ತಿರಲಾರದು ಎಂಬುದನ್ನೂ ಅವರಿಗೆ ಹೇಳಬೇಕು.

ನನಗೆ ಹೆಚ್ಚು ಆತಂಕವಿರುವುದು ಅವಳು ಪ್ರೊಪ್ರನೊಲಾಲ್ ತಪ್ಪಿಸಬಹುದೆಂಬ ಬಗ್ಗೆಯೇ. ಅದು ಹೃದಯ ಬಡಿತದ ಗರಿಷ್ಠ ವೇಗವನ್ನು ತಗ್ಗಿಸುವುದರಿಂದ ಓಟಗಾರರಿಗೆ ಕಾಲು ಭಾರವೆನಿಸುತ್ತದೆ. ಸ್ಪರ್ಧೆಯ ಬೆಳಿಗ್ಗೆ ಒಂದು ಗುಳಿಗೆ ಬಿಟ್ಟರೇನು ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ಆದರೆ ಮೊದಲನೆಯ ವಿಧದಲ್ಲಿ ಅಪಾಯ ಎದುರಾಗುವುದು ಓಡುವಾಗ, ಈಜುವಾಗಲೇ. ಈ ಚಿಕಿತ್ಸೆಯಲ್ಲಿದ್ದೂ ಹೃದಯ ಸ್ತಂಭನವಾದವರನ್ನು ಪರಿಶೀಲಿಸಿದಾಗ, ಬಹುತೇಕರು ಗುಳಿಗೆ ಬಿಟ್ಟಿದ್ದರು ಇಲ್ಲವೆ ಕ್ಯೂಟಿ ಹಿಗ್ಗಿಸುವ ಔಷಧ ಸೇವಿಸಿದ್ದರು. ಸುಸ್ತು ತಡೆಯಲಾಗದಿದ್ದರೆ ಪ್ರಮಾಣ ಬದಲಿಸಲು ತಜ್ಞರನ್ನು ಕೇಳಲಿ, ತಾನಾಗಿ ಬಿಡಬಾರದು. ಇದನ್ನು ನೀವು ಅವಳೊಂದಿಗೆ ಗದರದೆ ಮಾತಾಡಿ.

ಡೋಪಿಂಗ್ ವಿಷಯ ಸರಳ. ಪ್ರೊಪ್ರನೊಲಾಲ್ ಸೇರಿದ ಬೀಟಾ ಬ್ಲಾಕರ್‌ಗಳು ಬಿಲ್ಲುಗಾರಿಕೆ, ಶೂಟಿಂಗ್‌ನಂಥ ಕೆಲವು ಕ್ರೀಡೆಗಳಲ್ಲಿ ಮಾತ್ರ ನಿಷಿದ್ಧ. ಓಟಕ್ಕೆ ಆ ನಿಷೇಧವಿಲ್ಲ. ಆದರೆ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಎಲ್ಲ ಕ್ರೀಡೆಗಳಲ್ಲೂ ನಿಷಿದ್ಧ, ಪೊಟ್ಯಾಸಿಯಂ ಇಳಿಸುವುದರಿಂದ ಅವಳಿಗಂತೂ ಅಪಾಯಕರ.

ತೊಂದರೆಯ ಹೆಸರು, ಬೇಡದ ಔಷಧಗಳ ಪಟ್ಟಿ, ತಜ್ಞರ ದೂರವಾಣಿ ಸಂಖ್ಯೆ ಇರುವ ಚೀಟಿಯೊಂದು ಅವಳ ಚೀಲದಲ್ಲೂ ತರಬೇತುದಾರರ ಬಳಿಯೂ ಇರಲಿ. ಮೈದಾನದಲ್ಲಿ ಅವಳು ಕುಸಿದು ಉಸಿರಾಡದಿದ್ದರೆ, ನೀರು ಚಿಮುಕಿಸುತ್ತ ಕಾಯದೆ ತಕ್ಷಣ ಎದೆ ಒತ್ತಲು ತೊಡಗಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕೆಂದು ಅವರಿಗೆ ಈಗಲೇ ತಿಳಿಸಿಡಿ.