ಉಳ್ಳಾಗಡ್ಡಿ ಹೆಚ್ಚಿದಾಗಷ್ಟ ಕಣ್ಣಾಗ ನೀರು

ಗುರುತು ಸಿಗದಂತೆ ವಯಸ್ಸು, ಕಸುಬು, ಮನೆಯವರ ಲೆಕ್ಕ ಎಲ್ಲ ಅದಲುಬದಲು ಮಾಡಿದ್ದೇನೆ. ಹುಬ್ಬಳ್ಳಿ ಮಾತ್ರ ಹುಬ್ಬಳ್ಳಿಯೇ. ಬರೆಯಲು ಒಪ್ಪಿಗೆ ಕೊಟ್ಟವರನ್ನು ಇಲ್ಲಿ ‘ಅಕ್ಕ’ ಎಂದಷ್ಟೇ ಕರೆಯುತ್ತೇನೆ.

ಅಕ್ಕನಿಗೆ 54. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ನಾನು ಆಪ್ತಸಲಹೆಗಾರ್ತಿ. ನನ್ನಲ್ಲಿಗೆ ಬಂದು ಕುರ್ಚಿಯಲ್ಲಿ ಕೂತವರೇ ಶುರು ಮಾಡಿದರು. “ಮಗಳು ಹಡದಾಳ್ರಿ. ಕೂಸನ್ನ ನನ್ನ ಉಡಿಯಾಗ ಹಾಕಿದ್ರು. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನನಗ ಏನೂ ಅನಸಲಿಲ್ಲ. ನಾದಿದ ಹಿಟ್ಟು ಹಿಡಕೊಂಡಂಗ ಹಿಡಕೊಂಡು ಕುಂತೆ.”

ಆಗ ನಾನು ಆಡಬಾರದ ಮಾತು ಆಡಿದೆ. “ದಿನಾ ಎತ್ತಿ ಆಡಸ್ರಿ ಅಕ್ಕಾ, ಮಾಯಾ ತಾನ ಬರ್ತದ.”

“ಕೂಸಿಂದಷ್ಟ ಅಲ್ರೀ ಮೇಡಂ. ನಮ್ಮಣ್ಣ ಸತ್ತಾಗೂ ಅಳು ಬರಲಿಲ್ಲ. ಉಳ್ಳಾಗಡ್ಡಿ ಹೆಚ್ಚಿದಾಗಷ್ಟ ಕಣ್ಣಾಗ ನೀರು. ಮಂದಿ ಕಲ್ಲೆದಿ ಅಂತಾರ.”

ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ಆಮೇಲೆ ಕೇಳಿದೆ: ಗುಳಿಗೆ ಏನಾದರೂ ನಡೆದಿದೆಯೇ? ಚೀಲದಿಂದ ಗುಳಿಗೆ ಪಟ್ಟಿ ಹೊರಬಂತು. ಖಿನ್ನತೆಗೆ ಕೊಡುವ ಎಸಿಟಾಲೊಪ್ರಾಮ್, 20 ಮಿಲಿಗ್ರಾಂ, ಏಳು ವರ್ಷದಿಂದ. ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದ ಹೆಂಗಸನ್ನು ಎಬ್ಬಿಸಿ ಮತ್ತೆ ಒಲೆಯ ಮುಂದೆ ಕೂರಿಸಿದ್ದು ಇದೇ ಗುಳಿಗೆ. ಅದನ್ನು ಮರೆತು ಗುಳಿಗೆಗೆ ಶಾಪ ಹಾಕುವವರ ಜೊತೆ ನನಗೆ ಜಗಳವಿದೆ. ಆರಾಮಾಗಿದ್ದೀಯಲ್ಲ, ಇನ್ನೇನು ಬೇಕು ಅನ್ನುವವರ ಜೊತೆಗೂ ಇದೆ.

ಖಿನ್ನತೆ ಮರುಕಳಿಸಿದರೂ ಮನಸ್ಸು ಬತ್ತುತ್ತದೆ, ಗುಳಿಗೆಯಿಂದಲೂ ಬತ್ತಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಸಂತೋಷದ ಬಗ್ಗೆ ಬಿಟ್ಟು ಸಿಟ್ಟಿನ ಬಗ್ಗೆ ಕೇಳಿದೆ. ಖಾನಾವಳಿಯವರು ಎರಡು ತಿಂಗಳ ರೊಕ್ಕ ಬಾಕಿ ಇಟ್ಟಿದ್ದರೂ ಸಿಟ್ಟು ಬಂದಿಲ್ಲವಂತೆ. ಮಗ ರಾತ್ರಿ ತಡವಾಗಿ ಬಂದರೆ ಮೊದಲು ಬಾಗಿಲಲ್ಲೇ ನಿಲ್ಲುತ್ತಿದ್ದವರು ಈಗ ಮಲಗಿಬಿಡುತ್ತಾರೆ. ನಿದ್ದೆ ಸರಿ, ಊಟ ಸರಿ, ರೊಟ್ಟಿ ಒಂದೂ ಕಡಿಮೆಯಾಗಿಲ್ಲ. ‘ನಾನು ಯಾಕಾದರೂ ಬದುಕಿದ್ದೇನೋ’ ಅನ್ನುವ ಮಾತಿಲ್ಲ. ಖಿನ್ನತೆಯಾಗಿದ್ದರೆ ಭಾರವಿರುತ್ತಿತ್ತು. ಇಲ್ಲಿ ಸುಖವೂ ಸಪ್ಪೆ, ದುಃಖವೂ ಸಪ್ಪೆ. ಈ ಜಾತಿಯ ಗುಳಿಗೆ ನುಂಗುವವರನ್ನು ಕೇಳಿದ ಸಮೀಕ್ಷೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಂಥದ್ದೇ ಅನುಭವ ಹೇಳುತ್ತಾರೆ. ಡಾಕ್ಟರಿಗೆ ಹೇಳುವವರು ಕಡಿಮೆ. ಅಕ್ಕನೂ ಹೇಳಿರಲಿಲ್ಲ. “ಆರಾಮ ಅದೀರಿ? ಅಂತಾರ. ಹೂಂರಿ ಅಂತೀನಿ. ಚೀಟಿ ಬರದ ಕೊಡ್ತಾರ.”

ಇನ್ನೊಂದು ವಿಷಯ ಮೆಲ್ಲಗೆ ಬಾಯಿಬಿಟ್ಟರು. ಬಾಣಂತನದ ಹೊತ್ತಿಗೆ, ಅಳುವಾದರೂ ಬರಲಿ ಎಂದು, ತಾವೇ ಗುಳಿಗೆ ಬಿಟ್ಟಿದ್ದರು. ಮೂರನೇ ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದಂತಾಗಿ, ಕಣ್ಣು ಹೊರಳಿಸಿದರೆ ತಲೆ ತಿರುಗಿ, ರಾತ್ರಿ ಕೆಟ್ಟ ಕನಸು. ಹಳೇ ಬ್ಯಾನಿ ತಿರುಗಿ ಬಂತೆಂದು ಹೆದರಿ ಮತ್ತೆ ನುಂಗಿದರು. ಅದು ಬೇನೆಯಲ್ಲ, ವರ್ಷಗಟ್ಟಲೆ ಗುಳಿಗೆಗೆ ಒಗ್ಗಿದ ಮೈ ಒಮ್ಮೆಲೇ ಬಿಟ್ಟದ್ದಕ್ಕೆ ತೋರಿಸಿದ ಪ್ರತಿಕ್ರಿಯೆ ಎಂದು ಬಿಡಿಸಿ ಹೇಳಿದೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರ, ತಿಂಗಳು ಹಿಡಿದು ನಿಧಾನ ಬರುತ್ತದೆ. ಮೂರನೇ ದಿನಕ್ಕೆ ಕರೆಂಟ್ ಹೊಡೆಯುತ್ತ ಬರುವುದಿಲ್ಲ.

ಗುಳಿಗೆಯ ಪ್ರಮಾಣ ಬದಲಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ನಾನು ಮಾಡಿದ್ದು ಅಕ್ಕನ ಜೊತೆ ಕೂತು ಒಂದು ಹಾಳೆ ಬರೆದದ್ದು. ‘ಆರಾಮ ಇಲ್ಲ’ ಎಂದಲ್ಲ. ಕೂಸು, ಅಣ್ಣನ ಸಾವು, ಬಾಕಿ ರೊಕ್ಕ, ಬಿಟ್ಟು ನೋಡಿದ ಮೂರು ದಿನ, ಎಲ್ಲವನ್ನೂ ಅವರದೇ ಮಾತಿನಲ್ಲಿ ಬರೆದೆವು. ಡಾಕ್ಟರ ಮುಂದೆ ನಾಲಿಗೆ ತಿರುಗದಿದ್ದರೆ ಹಾಳೆ ಕೊಟ್ಟುಬಿಡಿ ಎಂದೆ. ಮನೋವೈದ್ಯರು ಓದಿ, ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಬರೆದರು, ಎರಡೂ ಸರಿಯಿದ್ದವು. 20ರಿಂದ 15ಕ್ಕೆ ಇಳಿಸಿ, ಎರಡು ತಿಂಗಳು ನೋಡಿ 10ಕ್ಕೆ ತಂದರು. ಅದಕ್ಕೂ ಬಗ್ಗದಿದ್ದರೆ ಬೇರೆ ಜಾತಿಯ ಗುಳಿಗೆಗೆ ಬದಲಿಸುವ ದಾರಿಯೂ ಇದೆ. ಪೂರ್ತಿ ಬಿಡುವ ಮಾತು ಸದ್ಯಕ್ಕೆ ಬೇಡ ಎಂದರು. ಅದು ನನಗೂ ಸರಿ ಕಂಡಿತು. ಈ ಮೆಟ್ಟಿಲುಗಳಲ್ಲಿ ಕೆಳಗಿನ ಪಾವಟಿಗೆಗಳೇ ಹೆಚ್ಚು ಎತ್ತರ: 20ರಿಂದ 10ಕ್ಕೆ ಇಳಿದವರು 5ರಿಂದ ಸೊನ್ನೆಗೆ ಇಳಿಯುವಾಗ ಮುಗ್ಗರಿಸುವುದುಂಟು.

ಮಗ, ಸೊಸೆಯನ್ನೂ ಒಂದು ದಿನ ಕರೆಸಿದೆ. ಏಳು ವರ್ಷದ ಹಿಂದೆ ಮೊದಲು ಏನು ಕೆಟ್ಟಿತ್ತು ಎಂದು ಕೇಳಿದರೆ ಸೊಸೆಗೆ ಎಲ್ಲ ನೆನಪಿತ್ತು: ನಸುಕಿನ ಮೂರಕ್ಕೆ ಎಚ್ಚರ, ತಲೆ ಬಾಚುವುದು ಬಿಟ್ಟದ್ದು, ನಾದಿದ ಹಿಟ್ಟು ಹಾಗೇ ಒಣಗಿದ್ದು. ಇವುಗಳಲ್ಲಿ ಎರಡು ಒಂದು ವಾರ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಕೊಳ್ಳಿ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ. ‘ಕಲ್ಲೆದಿ’ ಅನ್ನುವ ಶಬ್ದ ಮನೆಯೊಳಗೆ ಬರಕೂಡದು ಎಂದೂ ಹೇಳಿದೆ. ಮಗ ತಲೆ ತಗ್ಗಿಸಿದ. ಅಂದವನು ಅವನೇ ಇರಬೇಕು.

ಅಕ್ಕನಿಗೆ ಕೊಟ್ಟ ಮನೆಗೆಲಸ ಒಂದೇ. ಖುಷಿಗೆ ಕಾಯುತ್ತ ಕೂಸಿನ ಮುಂದೆ ಕೂರಬೇಡಿ, ದಿನಾ ಎಣ್ಣೆ ಹಚ್ಚಿ ಎರೆಯಿರಿ, ಕೈಗೆ ಗೊತ್ತಿರುವ ಕೆಲಸ ಕೈ ಮಾಡಲಿ. ಏನಾದರೂ ಅನಿಸಿದರೆ, ಅದು ಕೆಟ್ಟದ್ದೇ ಆಗಿರಲಿ, ಕ್ಯಾಲೆಂಡರಿನಲ್ಲಿ ಒಂದು ಗೀಟು.

ನಾಲ್ಕನೇ ತಿಂಗಳು ಸೊಸೆಯ ಫೋನು, ಗಾಬರಿಯ ದನಿ. “ಮೇಡಂ, ಅತ್ತಿಯಾರು ಖಾನಾವಳಿಗೆ ಹೋಗಿ ಜಗಳಾ ಮಾಡಿ ಬಾಕಿ ರೊಕ್ಕ ಇಸಗೊಂಡ ಬಂದಾರ. ಬಾಗಲಾ ಹಾಕ್ಕೊಂಡು ಅಳಾಕತ್ತಾರ. ತಿರುಗಿ ಬಂತೇನ್ರಿ?”

“ರಾತ್ರಿ ನಿದ್ದಿ?”

“ಮಾಡ್ಯಾರ್ರಿ.”

“ತಲಿ?”

“ಬಾಚ್ಯಾರ.”

“ರೊಟ್ಟಿ?”

“ಮುಂಜಾನೆನ ಬಡದಿಟ್ಟಾರ್ರಿ.”

ಹಾಗಿದ್ದರೆ ಅಳಲಿ ಬಿಡವ್ವಾ, ಚಹಾ ಮಾಡಿಟ್ಟು ಕಾಯಿ, ಸೋಮವಾರ ಇಬ್ಬರೂ ಬನ್ನಿ, ಬರುವಾಗ ಕ್ಯಾಲೆಂಡರ್ ತನ್ನಿ ಎಂದೆ.